ಒಗರು ಗೊತ್ತಿದ್ದವರಿಗೆ ಟ್ಯಾನಿನ್ ಗೊತ್ತು: ದ್ರಾಕ್ಷಿ ಸೀಮೆಯವರಿಗೆ ವೈನ್ ಮಾತು

ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮ ಕಾಕಾನದು ಮೂರು ಎಕರೆ ದ್ರಾಕ್ಷಿ ತೋಟ. ತಿನ್ನುವ ದ್ರಾಕ್ಷಿ. ಈ ಸಲ ಶಿವರಾತ್ರಿಗೆ ಊರಿಗೆ ಹೋದಾಗ ಕಾಕಾ ಎರಡು ಮಡಿಕೆ ಮಾಡಿದ ಹಾಳೆಯೊಂದನ್ನು ತಂದು ನನ್ನ ಮುಂದೆ ಇಟ್ಟರು. ವೈನ್ ಕಂಪನಿಯೊಂದರ ಕಡೆಯವರು ಬಂದಿದ್ದರಂತೆ. ಒಂದು ಎಕರೆಗೆ ವೈನ್ ತಳಿ ಹಾಕಿ, ಬೆಳೆದಿದ್ದನ್ನು ನಾವೇ ಕೊಳ್ಳುತ್ತೇವೆ ಅಂತ ಹೇಳಿ ಹೋಗಿದ್ದರಂತೆ. ಹಾಳೆಯಲ್ಲಿ ಬ್ರಿಕ್ಸ್, ಪಿ.ಎಚ್., ಟ್ಯಾನಿನ್, ಶಿರಾಜ್, ಕ್ಯಾಬರ್ನೆ ಎಂದೆಲ್ಲ ಇತ್ತು.

"ಯವ್ವಾ, ನೀ ಕಾಲೇಜಿನ್ಯಾಗ ಕೆಮಿಸ್ಟ್ರಿ ಹೇಳ್ತೀದಿ. ಇದನ್ನ ನನಗ ತಿಳಿಯೂ ಹಂಗ ಬಿಡಿಸಿ ಹೇಳು. ರೊಕ್ಕ ಇದರ ಮ್ಯಾಲೇ ನಿಂತೈತಿ" ಅಂದರು.

ಕಾಕಾ ಹೇಳಿದ್ದು ನಿಜ. ಆ ಹಾಳೆಯಲ್ಲಿ ಒಂದೊಂದು ಪದವೂ ಕೆ.ಜಿ. ದರವನ್ನು ಮೇಲೆ ಕೆಳಗೆ ಮಾಡುತ್ತದೆ. ಕಾಕಾನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ. ತೋಟ ಇರುವವರಿಗೆ, ಹೋಟೆಲ್ ಕೆಲಸಕ್ಕೆ ಸೇರಿರುವ ನಮ್ಮ ಹುಡುಗ ಹುಡುಗಿಯರಿಗೆ, ಸುಮ್ನೆ ತಿಳಿದುಕೊಳ್ಳೋಣ ಅನ್ನುವವರಿಗೆ ಇದು ಬೇಕಾಗಬಹುದು. ಕುಡಿಯಿರಿ ಅಂತ ಹೇಳುವ ಬರಹ ಇದಲ್ಲ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಒಂದು ಹನಿ ಕುಡಿಯದೆಯೂ ಈ ಮಾತುಗಳನ್ನು ಕಲಿಯಬಹುದು.

ನಮ್ಮ ಗುಡ್ಡಕ್ಕೂ ವೈನಿಗೂ ಏನು ಸಂಬಂಧ

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅಲ್ಲಿಂದ ಈಚೆಗೆ ನಂದಿ ಕಣಿವೆ, ಕೃಷ್ಣಾ ಕಣಿವೆಗಳ ಜೊತೆ ನಮ್ಮ ಭಾಗಕ್ಕೂ ವೈನ್ ಭೂಪಟದಲ್ಲಿ ಒಂದು ಹೆಸರು ಸಿಕ್ಕಿತು: ಹಂಪಿ ಹಿಲ್ಸ್. ಕೊಪ್ಪಳ ಜಿಲ್ಲೆಯ ಹನುಮಸಾಗರದ ಹತ್ತಿರ ವೈನ್ ತಳಿಗಳದೇ ತೋಟವಿದೆ. ಅಲ್ಲಿಂದ ಹೊರಡುವ ಬಾಟಲಿಯ ಮೇಲೆ ಈ ಹೆಸರು ಇರುತ್ತದೆ.

ದ್ರಾಕ್ಷಿ ನಮ್ಮ ಸೀಮೆಗೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಅಗ್ಗವಾಗಿ ಸಿಗುತ್ತಿದ್ದವು ಎಂದು ಬರೆದಿದ್ದಾನೆ. ಹಣ್ಣು ಹಳೆಯದು. ಅದರ ಸುತ್ತ ಬಂದಿರುವ ಮಾತುಗಳಷ್ಟೇ ಹೊಸವು.

ವೈನ್ ಅಂದರೆ ಏನು, ಏನಲ್ಲ

ನಮ್ಮ ಊರುಗಳಲ್ಲಿ 'ವೈನ್ಸ್' ಅಂತ ಬೋರ್ಡ್ ಹಾಕಿದ ಅಂಗಡಿಗೆ ಹೋದರೆ ಬ್ರಾಂಡಿ, ವಿಸ್ಕಿ, ಬಿಯರ್ ಎಲ್ಲ ಸಿಗುತ್ತದೆ. ವೈನ್ ಮಾತ್ರ ಮೂಲೆಯಲ್ಲಿ ಎರಡು ಬಾಟಲಿ ಇದ್ದರೆ ಹೆಚ್ಚು. ಹಾಗಾಗಿ ವೈನ್ ಅಂದರೆ ಎಲ್ಲಾ ಮದ್ಯ ಅನ್ನುವ ತಿಳುವಳಿಕೆ ಬಂದುಬಿಟ್ಟಿದೆ. ಅದು ತಪ್ಪು.

ದ್ರಾಕ್ಷಿ ರಸ ಹುದುಗಿ ಆಗುವುದೇ ವೈನ್. ದೋಸೆ ಹಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬುತ್ತದೆ, ಅಲ್ವಾ? ಕಣ್ಣಿಗೆ ಕಾಣದ ಜೀವಿಗಳು ಹಿಟ್ಟನ್ನು ತಿಂದು ಗಾಳಿ ಬಿಡುತ್ತವೆ. ದ್ರಾಕ್ಷಿ ರಸದಲ್ಲಿ ಯೀಸ್ಟ್ ಅನ್ನುವ ಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಗಾಳಿ ಹಾರಿಹೋಗುತ್ತದೆ, ಆಲ್ಕೋಹಾಲ್ ಉಳಿಯುತ್ತದೆ. ನಮ್ಮ ಅಜ್ಜಿಯರು ಚಮಚದಲ್ಲಿ ಕುಡಿಯುತ್ತಿದ್ದ ದ್ರಾಕ್ಷಾರಿಷ್ಟವೂ ಹುದುಗಿಸಿ ಮಾಡಿದ ಔಷಧವೇ.

ಸಾಮಾನ್ಯ ವೈನಿನಲ್ಲಿ ಆಲ್ಕೋಹಾಲ್ ಶೇ 11ರಿಂದ 15. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ ಬಾಟಲಿಗಳ ಮೇಲೆ ಶೇ 42.8 ಅಂತ ಇರುತ್ತದೆ. ಅವು ಭಟ್ಟಿ ಇಳಿಸಿದವು. ವೈನ್ ಭಟ್ಟಿ ಇಳಿಸಿದ್ದಲ್ಲ.

ಕೆಂಪು, ಬಿಳಿ ಅನ್ನುವ ಭೇದ ಹಣ್ಣಿನ ಬಣ್ಣಕ್ಕಿಂತ ಸಿಪ್ಪೆಯದು. ಕಪ್ಪು ದ್ರಾಕ್ಷಿಯೊಂದನ್ನು ಸುಲಿದು ನೋಡಿ. ಒಳಗಿನ ತಿರುಳು ಬಿಳಿಚೇ ಇರುತ್ತದೆ. ಬಣ್ಣವೆಲ್ಲ ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆಯ ಜೊತೆಗೇ ದಿನಗಟ್ಟಲೆ ಹುದುಗಿಸಿದರೆ ಕೆಂಪು ವೈನ್. ಹಿಂಡಿದ ಕೂಡಲೇ ಸಿಪ್ಪೆ ಬೇರ್ಪಡಿಸಿದರೆ ಬಿಳಿ ವೈನ್. ಕಪ್ಪು ಸಿಪ್ಪೆಯ ಜೊತೆ ಕೆಲವೇ ಗಂಟೆ ಬಿಟ್ಟು ತೆಗೆದರೆ ಗುಲಾಬಿ ಬಣ್ಣದ್ದು, ಅದಕ್ಕೆ ರೋಸೆ ಅನ್ನುತ್ತಾರೆ.

ತಿನ್ನುವ ದ್ರಾಕ್ಷಿ ಬೇರೆ, ವೈನ್ ದ್ರಾಕ್ಷಿ ಬೇರೆ

ಕಾಕಾನ ಮೊದಲ ಪ್ರಶ್ನೆ ಇದೇ ಆಗಿತ್ತು. "ನನ್ನ ತ್ವಾಟದ ಹಣ್ಣು ಇಷ್ಟು ಚಲೋ ಅದಾವ, ಇವನ್ನೇ ಯಾಕ ಒಯ್ಯಂಗಿಲ್ಲ?"

ಕಾಕಾ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್ ಕುಲದ್ದು. ಸೋನಾಕಾ, ಮಾಣಿಕ್ ಚಮನ್, ತಾಸ್-ಎ-ಗಣೇಶ್ ಎಲ್ಲವೂ ಅದೇ ಕುಲದಿಂದ ಬಂದವು. ಬೀಜ ಇಲ್ಲ, ಸಿಪ್ಪೆ ತೆಳು, ಕಾಯಿ ದಪ್ಪ. ಆ ದಪ್ಪಕ್ಕಾಗಿಯೇ ರೈತರು ಗೊನೆಗಳಿಗೆ ಜಿ.ಎ. (ಜಿಬ್ಬರೆಲಿಕ್ ಆಸಿಡ್ ಅನ್ನುವ ಬೆಳವಣಿಗೆ ಚೋದಕ) ಕೊಡುತ್ತಾರೆ. ಪೇಟೆಯಲ್ಲಿ ದೊಡ್ಡ ಕಾಯಿಗೇ ಬೆಲೆ.

ವೈನಿಗೆ ಇದರ ಉಲ್ಟಾ ಬೇಕು. ಕಾಯಿ ಸಣ್ಣ, ಸಿಪ್ಪೆ ದಪ್ಪ, ಒಳಗೆ ಬೀಜ. ಯಾಕೆಂದರೆ ಬಣ್ಣ, ಒಗರು, ಪರಿಮಳದ ಬಹುಪಾಲು ಸಿಪ್ಪೆಯಲ್ಲಿದೆ. ಒಂದು ಕೆ.ಜಿ. ಹಿಟ್ಟಿನಲ್ಲಿ ದೊಡ್ಡ ಉಂಡೆ ಕಟ್ಟಿದರೆ ಹತ್ತು ಆಗುತ್ತವೆ, ಸಣ್ಣವು ಕಟ್ಟಿದರೆ ನಲವತ್ತು. ಹಿಟ್ಟು ಅಷ್ಟೇ, ಆದರೆ ಸಣ್ಣ ಉಂಡೆಗಳ ಹೊರಮೈ ಎಲ್ಲ ಸೇರಿದರೆ ಜಾಸ್ತಿ. ದ್ರಾಕ್ಷಿಯಲ್ಲೂ ಹಾಗೇ. ಕಾಯಿ ಸಣ್ಣದಾದಷ್ಟೂ ರಸದ ಪಾಲಿಗೆ ಬರುವ ಸಿಪ್ಪೆ ಹೆಚ್ಚು.

ಪಕ್ಕದ ಊರಿನ ತೋಟದಿಂದ ಕಾಕಾ ಶಿರಾಜ್ ಅನ್ನುವ ವೈನ್ ತಳಿಯ ಒಂದು ಗೊನೆ ತಂದಿದ್ದರು. ಕಾಯಿಗಳು ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡವು, ಒತ್ತೊತ್ತಾಗಿ ಕೂತಿದ್ದವು. ಮೇಲೆ ಬೂದಿ ಸವರಿದ ಹಾಗೆ ಬಿಳಿ ಪುಡಿ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಬಲು ಸಿಹಿ. ಆಮೇಲೆ ಸಿಪ್ಪೆ ಅಗಿಯುತ್ತಾ ಹೋದಂತೆ ಒಸಡು, ಕೆನ್ನೆ ಎಲ್ಲ ಬಿಗಿ ಹಿಡಿಯಿತು. ಕೊನೆಗೆ ಬೀಜ ಕಟುಂ ಎಂದಿತು. ಕಾಕಿ ಎರಡು ತಿಂದು "ಇದೇನ್ ಹಣ್ಣು, ಬರೇ ಬೀಜಾ" ಅಂತ ಉಗುಳಿದರು. ಸಂತೆಯಲ್ಲಿ ಯಾರೂ ಕೊಳ್ಳದ ಹಣ್ಣು ಇದು. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ನಮ್ಮಲ್ಲಿ ಸಿಗುವ ಇನ್ನೊಂದು ಬೆಂಗಳೂರು ನೀಲಿ. ಅದರಿಂದಲೂ ವೈನ್ ಆಗುತ್ತದೆ, ಹೆಚ್ಚಾಗಿ ಸಿಹಿ ವೈನ್. ಅದರ ಮೂಲ ಅಮೆರಿಕದ ಕಾಡು ದ್ರಾಕ್ಷಿ ಕುಲ. ಜ್ಯೂಸ್ ಪೊಟ್ಟಣ, ಜೆಲ್ಲಿ ಮಿಠಾಯಿಗಳಲ್ಲಿ ಬರುವ ಗಾಢ 'ದ್ರಾಕ್ಷಿ ವಾಸನೆ' ಆ ಕುಲದ್ದು. ಹೆಸರಾದ ವೈನ್ ತಳಿಗಳೆಲ್ಲ ಯುರೋಪು, ಪಶ್ಚಿಮ ಏಷ್ಯಾದ ಬೇರೊಂದು ಕುಲದವು. ಅವುಗಳಲ್ಲಿ ಆ ವಾಸನೆ ಇರುವುದಿಲ್ಲ.

ಬ್ರಿಕ್ಸ್ ಮತ್ತು ಪಿ.ಎಚ್.: ಹಾಳೆಯ ಮೊದಲ ಎರಡು ಸಾಲು

ಬ್ರಿಕ್ಸ್ ಅಂದರೆ ಸಿಹಿಯ ಅಳತೆ. 100 ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಇದೆ ಅನ್ನುವುದು. 22 ಬ್ರಿಕ್ಸ್ ಅಂದರೆ ಹತ್ತಿರ ಹತ್ತಿರ 22 ಗ್ರಾಂ.

ಕಾಕಾನಿಗೆ ಇದು ಹೊಸದೇನಲ್ಲ. ಹಳೆಯ ಕನ್ನಡಕದ ಡಬ್ಬಿಯಲ್ಲಿ ಒಂದು ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಂಡಿದ್ದಾರೆ. ಗೇಣುದ್ದದ ಕೊಳವೆ. ತುದಿಯ ಗಾಜಿನ ಮೇಲೆ ಕಾಯಿ ಹಿಚುಕಿ ಒಂದು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿನ ಕಡೆ ಹಿಡಿದು ಒಂದೇ ಕಣ್ಣಲ್ಲಿ ನೋಡುತ್ತಾರೆ. ಒಳಗೆ ಮೇಲರ್ಧ ನೀಲಿ, ಕೆಳಗರ್ಧ ಬಿಳಿ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಬ್ರಿಕ್ಸ್. ಸಕ್ಕರೆ ಜಾಸ್ತಿ ಇದ್ದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಗೆರೆ ಮೇಲೇರುತ್ತದೆ. ಅವರ ತೋಟದ ಹಣ್ಣು ಅಂದು 18 ತೋರಿಸಿತು. ಶಿರಾಜ್ ಕಾಯಿ 23 ತೋರಿಸಿತು.

ವೈನಿನವರಿಗೆ ಈ ಅಂಕಿ ಯಾಕೆ ಬೇಕು? ಒಂದು ಬ್ರಿಕ್ಸ್ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಶೇ 0.55ರಷ್ಟು ಆಲ್ಕೋಹಾಲ್ ಆಗುತ್ತದೆ. 23 ಬ್ರಿಕ್ಸ್ ಹಣ್ಣಿನಿಂದ ಶೇ 12.5ರ ಆಸುಪಾಸಿನ ವೈನ್. 18 ಬ್ರಿಕ್ಸಿನಿಂದ ಶೇ 10ರಷ್ಟು, ತೆಳ್ಳಗೆ ನೀರು ನೀರು.

ಹಾಗಂತ ಸಿಹಿ ಏರಲಿ ಎಂದು ಬಳ್ಳಿಯಲ್ಲೇ ಬಿಟ್ಟರೆ ಹುಳಿ ಇಳಿದುಹೋಗುತ್ತದೆ. ಇಲ್ಲಿ ಪಿ.ಎಚ್. ಬರುತ್ತದೆ. ಅದು ಹುಳಿಯ ಬಲವನ್ನು ಹೇಳುವ ಅಂಕಿ. ಅಂಕಿ ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು. ವೈನ್ ಸಾಮಾನ್ಯವಾಗಿ 3ರಿಂದ 4ರ ನಡುವೆ ಇರುತ್ತದೆ. 4ರ ಹತ್ತಿರ ಹೋದರೆ ರುಚಿ ಸಪ್ಪೆ, ಕೆಡುವ ಭಯವೂ ಹೆಚ್ಚು.

ಬಿಸಿಲಿಗೂ ಇದಕ್ಕೂ ನೇರ ಸಂಬಂಧವಿದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ. ಒಂದು ಟಾರ್ಟಾರಿಕ್, ಹುಣಸೆಹಣ್ಣಿನಲ್ಲಿ ಇರುವುದೂ ಇದೇ. ಇನ್ನೊಂದು ಮ್ಯಾಲಿಕ್, ಹಸಿರು ಸೇಬಿನದು. ಸೆಕೆ ಹೆಚ್ಚಾದರೆ ಹಣ್ಣು ಉಸಿರಾಡುತ್ತಾ ಈ ಎರಡನೆಯದನ್ನು ಸುಟ್ಟುಕೊಳ್ಳುತ್ತದೆ. ರಾತ್ರಿ ತಂಪಿದ್ದರೆ ಅದು ಉಳಿಯುತ್ತದೆ. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ ಬಳ್ಳಿ ಸವರಿ, ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಚಾಟ್ನಿ ಮಾಡಿ (ಅಂದರೆ ಬಳ್ಳಿ ಕತ್ತರಿಸಿ), ಚಳಿಗಾಲದಲ್ಲಿ ಕಾಯಿ ಬೆಳೆಸಿ, ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಯುವುದಕ್ಕೆ ಇದೂ ಒಂದು ಕಾರಣ. ಯುರೋಪಿನಲ್ಲಿ ಬಳ್ಳಿ ಹಿಮದಲ್ಲಿ ಮಲಗಿ, ವಸಂತದಲ್ಲಿ ಚಿಗುರಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ, ಅದನ್ನು ಕತ್ತರಿಯಿಂದಲೇ ನಡೆಸಬೇಕು.

ತಳಿಗಳ ಹೆಸರು

ಜೋಳದಲ್ಲಿ ಮಾಲದಂಡಿ ಬೇರೆ, ಹೈಬ್ರಿಡ್ ಬೇರೆ. ರೊಟ್ಟಿ ತಟ್ಟುವ ಕೈಗೆ ಅದು ತಕ್ಷಣ ಗೊತ್ತಾಗುತ್ತದೆ. ವೈನ್ ಬಾಟಲಿಯ ಮೇಲಿನ ಉದ್ದುದ್ದ ಹೆಸರುಗಳೂ ಇಂಥ ತಳಿಗಳದ್ದೇ. ಬೀಜ ಬಿತ್ತಿದರೆ ದ್ರಾಕ್ಷಿ ತಾಯಿಯ ಹಾಗೆ ಬರುವುದಿಲ್ಲ. ಕಡ್ಡಿ ನೆಟ್ಟು, ಇಲ್ಲವೇ ಕಸಿ ಕಟ್ಟಿಯೇ ತಳಿಯನ್ನು ಉಳಿಸಬೇಕು. ನಮ್ಮ ಕಡೆ ಬರ, ಉಪ್ಪು ನೀರು ತಾಳುವ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿ.

ಕ್ಯಾಬರ್ನೆ ಸೊವಿನ್ಯೊ ಕೆಂಪು ತಳಿಗಳಲ್ಲಿ ಎಲ್ಲರಿಗಿಂತ ಹೆಸರಾದದ್ದು. ಫ್ರಾನ್ಸಿನ ಬೋರ್ಡೊ ಇದರ ತವರು. ಸಿಪ್ಪೆ ದಪ್ಪ, ಒಗರು ಜೋರು. ಇದರ ತಂದೆ ತಾಯಿ ಯಾರು ಅನ್ನುವುದು ಬಹಳ ಕಾಲ ಗೊತ್ತಿರಲಿಲ್ಲ. ಕ್ಯಾಬರ್ನೆ ಫ್ರಾಂ ಅನ್ನುವ ಕೆಂಪು ತಳಿಗೂ ಸೊವಿನ್ಯೊ ಬ್ಲಾಂ ಅನ್ನುವ ಬಿಳಿ ತಳಿಗೂ ತಾನಾಗಿ ಪರಾಗ ಕೂಡಿ ಹುಟ್ಟಿದ್ದು ಎಂದು 1997ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯಿಂದ ತೋರಿಸಿದರು. ಕಪ್ಪು ಹಣ್ಣಿಗೆ ಬಿಳಿ ಹಣ್ಣು ಹೆತ್ತವರಲ್ಲಿ ಒಂದು ಅನ್ನುವುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಶಿರಾಜ್, ಸಿರಾ ಎರಡೂ ಒಂದೇ. ಫ್ರಾನ್ಸಿನವರು ಸಿರಾ ಅನ್ನುತ್ತಾರೆ, ಆಸ್ಟ್ರೇಲಿಯಾದವರು ಶಿರಾಜ್ ಅನ್ನುತ್ತಾರೆ. ಇರಾನಿನ ಶಿರಾಜ್ ಊರಿನಿಂದ ಬಂದಿತು ಅನ್ನುವ ಕಥೆ ಇದೆ, ಆದರೆ ಡಿ.ಎನ್.ಎ. ಪ್ರಕಾರ ಇದು ಫ್ರಾನ್ಸಿನಲ್ಲೇ ಹುಟ್ಟಿದ್ದು. ಬಿಸಿಲು ತಾಳುತ್ತದೆ, ಹಾಗಾಗಿ ಭಾರತದಲ್ಲಿ ಬಹಳ ಕಡೆ ಇದೆ. ಮರ್ಲೊ ಇನ್ನೂ ಮೆತ್ತಗೆ. ಇಟಲಿಯ ಸಾಂಜೊವೇಸೆ ಹುಳಿ ಮುಂದಾಗಿರುವ ಕೆಂಪು.

ಬಿಳಿಯಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಕೇಳುವುದು ಶೆನಿನ್ ಬ್ಲಾಂ, ಸೊವಿನ್ಯೊ ಬ್ಲಾಂ. ಬ್ಲಾಂ ಅಂದರೆ ಫ್ರೆಂಚಿನಲ್ಲಿ ಬಿಳಿ, ಅಷ್ಟೇ. ಮೂರನೆಯದು ಶಾರ್ಡೊನೆ. ಅದಕ್ಕೆ ತನ್ನದೇ ಜೋರು ವಾಸನೆ ಇಲ್ಲ, ಮಾಡುವವರು ಹೇಗೆ ಮಾಡಿದರೋ ಹಾಗೆ ಬರುತ್ತದೆ.

ಶಾಂಪೇನ್ ತಳಿಯ ಹೆಸರಲ್ಲ, ಫ್ರಾನ್ಸಿನ ಒಂದು ಸೀಮೆಯ ಹೆಸರು. ಅಲ್ಲಿ ಮಾಡಿದ ಗುಳ್ಳೆ ಏಳುವ ವೈನಿಗೆ ಮಾತ್ರ ಆ ಹೆಸರು. ಉಳಿದದ್ದಕ್ಕೆ ಸ್ಪಾರ್ಕ್ಲಿಂಗ್ ವೈನ್ ಅನ್ನಬೇಕು. ಪೋರ್ಟ್ ಕೂಡ ಹೀಗೇ ಪೋರ್ಚುಗಲ್ಲಿನ ಡೌರೊ ಕಣಿವೆಯದು. ಹುದುಗುವಾಗಲೇ ಮಧ್ಯದಲ್ಲಿ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಯೀಸ್ಟ್ ನಿಲ್ಲಿಸುತ್ತಾರೆ. ಸಕ್ಕರೆ ಉಳಿದುಬಿಡುತ್ತದೆ, ಹಾಗಾಗಿ ಅದು ಸಿಹಿ.

ನಾಲಿಗೆಯ ಮಾತು

"ಡ್ರೈ ಅಂತ ಬರದಾರ. ದ್ರವಾ ಒಣಾ ಹೆಂಗಾಗ್ತದ?" ಅಂತ ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ. ವೈನ್ ಮಾತಿನಲ್ಲಿ ಡ್ರೈ ಅಂದರೆ ಸಿಹಿ ಇಲ್ಲದ್ದು. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದೆ ಅಂತ ಅರ್ಥ. ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಉಳಿದಿದ್ದರೆ ಡ್ರೈ. ಅಂಗಡಿಯ ಕೋಲಾದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಇರುತ್ತದೆ, ಹೋಲಿಸಿ ನೋಡಿ. ನಮ್ಮಲ್ಲಿ ಮೊದಲ ಸಲ ವೈನ್ ರುಚಿ ನೋಡಿದವರು 'ಕೆಟ್ಟುಹೋಗಿದೆ' ಅನ್ನುವುದು ಇದಕ್ಕೇ. ದ್ರಾಕ್ಷಿಯದು ಅಂದ ಮೇಲೆ ಸಿಹಿ ಇರುತ್ತದೆ ಅಂದುಕೊಂಡಿರುತ್ತಾರೆ.

ಅಸಿಡಿಟಿ ಅಂದರೆ ಹುಳಿ. ಹೊಟ್ಟೆಯ ಅಸಿಡಿಟಿ ಅಲ್ಲ. ಹುಳಿ ಇದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ: ನುಂಗಿದ ಮೇಲೆ ಬಾಯಲ್ಲಿ ನೀರು ಬರುತ್ತದೆಯೇ ನೋಡುವುದು. ಪುಂಡಿ ಪಲ್ಲೆ ನೆನೆಸಿಕೊಂಡರೆ ಸಾಕು, ದವಡೆಯ ಹಿಂದೆ ನೀರು ಬರುತ್ತದಲ್ಲ, ಅದೇ. ಹುಳಿ ಹದವಾಗಿದ್ದರೆ 'ಕ್ರಿಸ್ಪ್', 'ಫ್ರೆಶ್' ಅನ್ನುತ್ತಾರೆ. ಇಲ್ಲದಿದ್ದರೆ 'ಫ್ಲ್ಯಾಟ್', ಅಂದರೆ ಸಪ್ಪೆ. ಕೆಲವು ವೈನ್‌ಗಳಲ್ಲಿ ಬ್ಯಾಕ್ಟೀರಿಯಾಗಳು ಹಸಿರು ಸೇಬಿನ ಹುಳಿಯನ್ನು ಮೊಸರಿನ ಹುಳಿಯಾಗಿ ಬದಲಿಸುತ್ತವೆ. ಆಗ ರುಚಿ ಮೆತ್ತಗಾಗುತ್ತದೆ. ಕೆಲವು ಶಾರ್ಡೊನೆಗಳಲ್ಲಿ ಬೆಣ್ಣೆಯ ವಾಸನೆ ಬರುವುದು ಇದರಿಂದ.

ಈಗ ಟ್ಯಾನಿನ್. ನನಗೆ ಹೆಚ್ಚು ಇಷ್ಟದ ಪದ ಇದು, ಯಾಕೆಂದರೆ ಇದಕ್ಕೆ ಕನ್ನಡದಲ್ಲಿ ಸಾವಿರ ಸಲ ಬಳಸಿದ ಮಾತು ಮೊದಲೇ ಇದೆ: ಒಗರು.

ನೇರಳೆ ಹಣ್ಣು ತಿಂದಾಗ ನಾಲಿಗೆ ದಪ್ಪವಾದ ಹಾಗೆ ಆಗುತ್ತದೆ. ಹಸಿ ಬಾಳೆಕಾಯಿ ಕಚ್ಚಿದರೆ ಕೆನ್ನೆ ಒಳಗೆ ಎಳೆದ ಹಾಗೆ. ದಾಳಿಂಬೆಯ ಕಾಳಿನ ಜೊತೆ ಹಳದಿ ಪೊರೆ ಬಾಯಿಗೆ ಬಂದರೆ, ಚೂರು ಅಡಿಕೆ ಅಗಿದರೆ, ಹಾಲಿಲ್ಲದ ಚಹಾ ಜಾಸ್ತಿ ಕುದಿಸಿ ಕುಡಿದರೆ ಆಗುವುದೂ ಅದೇ. ಇದೆಲ್ಲ ಟ್ಯಾನಿನ್ ಕೆಲಸ. ನಮ್ಮ ಜೊಲ್ಲಿನಲ್ಲಿ ಪ್ರೋಟೀನ್ ಇರುತ್ತದೆ, ಅದು ಬಾಯಿಯನ್ನು ಜಾರುವಂತೆ ಇಡುತ್ತದೆ. ಟ್ಯಾನಿನ್ ಆ ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತದೆ. ಜಾರುವ ಗುಣ ಹೋಗಿ ಬಾಯಿ ತರಿತರಿ ಆಗುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ಯಾಕೆ ಇಳಿಯುತ್ತದೆ? ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ನಮ್ಮ ಜೊಲ್ಲು ಉಳಿದುಕೊಳ್ಳುತ್ತದೆ.

ಟ್ಯಾನಿನ್ ಅನ್ನುವ ಹೆಸರೇ ಚರ್ಮ ಹದ ಮಾಡುವ ಕೆಲಸದಿಂದ ಬಂದಿದೆ. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯನ್ನು ಅದಕ್ಕೇ ಬಳಸುತ್ತಿದ್ದರು. ಚರ್ಮದ ಪ್ರೋಟೀನನ್ನು ಬಿಗಿಗೊಳಿಸುವುದೂ ಜೊಲ್ಲಿನ ಪ್ರೋಟೀನನ್ನು ಬಿಗಿಗೊಳಿಸುವುದೂ ಒಂದೇ ಗುಣ.

ಒಗರು ಬೇರೆ, ಕಹಿ ಬೇರೆ. ಬೇವಿನ ಎಲೆ ಕಹಿ, ನೇರಳೆ ಒಗರು. ಷಡ್ರಸ ಎಂದು ಎಣಿಸುವಾಗ ನಮ್ಮ ಹಿರಿಯರು ಎರಡನ್ನೂ ಬೇರೆ ಬೇರೆ ಇಟ್ಟರು. ವೈನ್ ಕಲಿಯಲು ಹೋಗುವ ಪರದೇಶದವರು ಈ ಎರಡನ್ನು ಬಿಡಿಸಿ ಹೇಳಲು ತರಬೇತಿ ಪಡೆಯಬೇಕಾಗುತ್ತದೆ. ಕೊಪ್ಪಳದ ಆರು ವರ್ಷದ ಹುಡುಗನಿಗೆ ಅದು ನೇರಳೆ ಮರದ ಕೆಳಗೇ ಗೊತ್ತಾಗಿರುತ್ತದೆ.

ದ್ರಾಕ್ಷಿಯಲ್ಲಿ ಟ್ಯಾನಿನ್ ಇರುವುದು ಸಿಪ್ಪೆ, ಬೀಜ, ತೊಟ್ಟಿನಲ್ಲಿ. ಹಾಗಾಗಿ ಕೆಂಪು ವೈನಿನಲ್ಲಿ ಒಗರು ಹೆಚ್ಚು, ಬಿಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೀಜ ಹಸಿರಿದ್ದಾಗ ಕೊಯ್ದರೆ ಒಗರು ಒರಟು. ಬೀಜ ಕಂದು ಬಣ್ಣಕ್ಕೆ ತಿರುಗಿ, ಅಗಿದರೆ ಹುರಿದ ಕಾಳಿನಂತೆ ಕಟುಂ ಅನ್ನುವ ಹೊತ್ತಿಗೆ ಅದು ನಯವಾಗಿರುತ್ತದೆ. ವೈನ್ ತೋಟದಲ್ಲಿ ಮೀಟರ್ ಹಿಡಿದವರೂ ಕೊನೆಗೆ ಬೀಜ ಅಗಿದು ನೋಡುತ್ತಾರೆ.

ಬಾಡಿ ಅಂದರೆ ಬಾಯಲ್ಲಿ ಆಗುವ ಭಾರ. ನೀರು ಮಜ್ಜಿಗೆ, ಆಕಳ ಹಾಲು, ಎಮ್ಮೆಯ ಗಟ್ಟಿ ಹಾಲು: ಮೂರನ್ನೂ ಒಂದೊಂದು ಗುಟುಕು ಕುಡಿದರೆ ಲೈಟ್, ಮೀಡಿಯಂ, ಫುಲ್ ಬಾಡಿ ಏನು ಅಂತ ತಿಳಿಯುತ್ತದೆ. ಫಿನಿಶ್ ಅಂದರೆ ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು.

ಮೂಗಿನ ಮಾತು

ವೈನ್ ಬಗ್ಗೆ ಬರೆಯುವವರು ಕರಿಮೆಣಸು, ಲವಂಗ, ಗುಲಾಬಿ, ಹಸಿ ಹುಲ್ಲು ಎಂದೆಲ್ಲ ಬರೆಯುತ್ತಾರೆ. ಅವನ್ನೆಲ್ಲ ವೈನಿಗೆ ಹಾಕಿರುತ್ತಾರಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಒಂದು ಚೂರೂ ಹಾಕಿರುವುದಿಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಏಲಕ್ಕಿ ಹಾಕಿದ ಹೋಳಿಗೆ ಹೂರಣ ತೆಗೆದುಕೊಳ್ಳಿ. ಎರಡು ಬೆರಳಿನಿಂದ ಮೂಗು ಗಟ್ಟಿ ಮುಚ್ಚಿ ಚಮಚ ಹೂರಣ ಬಾಯಿಗೆ ಹಾಕಿ ಅಗಿಯಿರಿ. ಬರೀ ಸಿಹಿ. ಬೆಲ್ಲವೋ ಸಕ್ಕರೆಯೋ ಅದೂ ಗೊತ್ತಾಗುವುದು ಕಷ್ಟ. ಈಗ ಮೂಗು ಬಿಡಿ. ಏಲಕ್ಕಿ, ಬೆಲ್ಲ, ಬೇಳೆ ಎಲ್ಲ ಒಮ್ಮೆಗೇ ಬಂದುಬಿಡುತ್ತವೆ. ನಾಲಿಗೆಗೆ ಗೊತ್ತಾಗುವುದು ಕೆಲವೇ ರುಚಿ. ಉಳಿದದ್ದು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನೆಗಡಿ ಬಂದಾಗ ಊಟ ರುಚಿಸುವುದಿಲ್ಲ, ಅಲ್ವಾ? ಅದಕ್ಕೇ.

ಇನ್ನು ಮೆಣಸಿನ ವಿಷಯ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಬರುವುದು ರೊಟಂಡೋನ್ ಅನ್ನುವ ರಾಸಾಯನಿಕದಿಂದ. ಕರಿಮೆಣಸಿನ ಕಾಳಿನಲ್ಲೂ ಇರುವುದು ಅದೇ ರೊಟಂಡೋನ್. ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಕ್ಯಾಬರ್ನೆ, ಸೊವಿನ್ಯೊ ಬ್ಲಾಂ ಹಣ್ಣು ಪೂರ್ತಿ ಮಾಗದಿದ್ದರೆ ದಪ್ಪ ಮೆಣಸಿನಕಾಯಿ ವಾಸನೆ ಬರುತ್ತದೆ. ಅದೂ ಎರಡರಲ್ಲೂ ಒಂದೇ ರಾಸಾಯನಿಕ, ಪೈರಜೀನ್ ಗುಂಪಿನದು. ಓಕ್ ಮರದ ಪೀಪಾಯಿಯನ್ನು ಒಳಗಿನಿಂದ ಬೆಂಕಿಯಲ್ಲಿ ಹದವಾಗಿ ಸುಟ್ಟು ಅದರಲ್ಲಿ ವೈನ್ ಇಡುತ್ತಾರೆ. ಮರದಿಂದ ವೆನಿಲಾ ವಾಸನೆಯ ವೆನಿಲಿನ್, ಲವಂಗದ ಯುಜಿನಾಲ್ ಇಳಿದು ಬರುತ್ತವೆ. ಮಸ್ಕಟ್ ದ್ರಾಕ್ಷಿಯ ಹೂವಿನ ಘಮದಲ್ಲಿ ಇರುವ ಲಿನಲೂಲ್ ನಮ್ಮ ಕೊತ್ತಂಬರಿ ಬೀಜದಲ್ಲೂ ಇದೆ. ಪ್ರಕೃತಿ ಅದೇ ಕೆಲವು ಅಕ್ಷರಗಳನ್ನು ಬೇರೆ ಬೇರೆ ಗಿಡಗಳಲ್ಲಿ ಬರೆದಿದೆ. ಮೂಗು ಅವನ್ನು ಓದುತ್ತದೆ.

ಹೆಸರು ಹೇಳುವುದರಲ್ಲಿ ಗೊಂದಲ ಬೇಡವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ನೋಬಲ್ 1980ರ ದಶಕದಲ್ಲಿ ವಾಸನೆಗಳ ಚಕ್ರವೊಂದನ್ನು ಮಾಡಿದರು. 'ಸೊಗಸಾಗಿದೆ', 'ಗಂಭೀರವಾಗಿದೆ' ಅನ್ನುವ ಮಾತುಗಳಿಗೆ ಅದರಲ್ಲಿ ಜಾಗವಿಲ್ಲ. ಹಣ್ಣು ಅಂದರೆ ಯಾವ ಹಣ್ಣು, ಮಸಾಲೆ ಅಂದರೆ ಯಾವುದು ಅಂತ ಕೈಗೆ ಸಿಗುವ ವಸ್ತುವಿನ ಹೆಸರನ್ನೇ ಹೇಳಬೇಕು.

ಆದರೆ ಅಲ್ಲಿನ ವಸ್ತುಗಳು ಅವರ ಅಡುಗೆಮನೆಯವು. ಬ್ಲ್ಯಾಕ್ ಕರಂಟ್ ಹಣ್ಣು ನಮ್ಮಲ್ಲಿ ಯಾರು ನೋಡಿದ್ದಾರೆ? ಬಳ್ಳಾರಿಯ ಐಸ್‌ಕ್ರೀಂ ಅಂಗಡಿಯಲ್ಲಿ ಆ ಹೆಸರಿನ ನೇರಳೆ ಬಣ್ಣದ ಐಸ್‌ಕ್ರೀಂ ತಿಂದವರಿಗೆ ಅಂದಾಜು ಸಿಗಬಹುದು. ಗೂಸ್‌ಬೆರಿ ಅಂದರೆ ನಮ್ಮ ನೆಲ್ಲಿಕಾಯಿ ಅಂದುಕೊಂಡುಬಿಡುತ್ತೇವೆ. ಸೊವಿನ್ಯೊ ಬ್ಲಾಂ ಬಗ್ಗೆ ಹೇಳುವ ಗೂಸ್‌ಬೆರಿ ಯುರೋಪಿನ ಬೇರೆಯೇ ಹಣ್ಣು. ನನ್ನ ಅನಿಸಿಕೆ ಕೇಳಿದರೆ, ನಾವು ನಮ್ಮ ಹೆಸರುಗಳನ್ನೇ ಹೇಳಬೇಕು. ಒಣಗಿದ ಬಳ್ಳಾರಿ ಅಂಜೂರ, ನೇರಳೆ, ಹುಣಸೆ, ಹುರಿದ ಜೀರಿಗೆ, ಎಳೆ ಮಾವಿನಕಾಯಿ ಕೊಯ್ದಾಗ ತೊಟ್ಟಿನ ಸೊನೆ. ಹೋಟೆಲ್ ಕೆಲಸದ ಸಂದರ್ಶನದಲ್ಲಿ ಪುಸ್ತಕದ ಪದ ಹೇಳಿ, ತಪ್ಪಿಲ್ಲ. ಆದರೆ ನೆನಪಿನಲ್ಲಿ ಇಟ್ಟುಕೊಳ್ಳಲು ನಿಮ್ಮ ಮನೆಯ ವಾಸನೆಗೇ ಕಟ್ಟಿಕೊಳ್ಳಿ.

ಅರೋಮಾ, ಬುಕೆ ಅನ್ನುವ ಎರಡು ಪದ ಕೇಳಬಹುದು. ಹಣ್ಣಿನಿಂದ ನೇರ ಬಂದದ್ದು ಅರೋಮಾ. ಇಟ್ಟು ಹಳತಾದ ಮೇಲೆ ಹುಟ್ಟಿದ್ದು ಬುಕೆ. ನಿನ್ನೆ ಹಾಕಿದ ಉಪ್ಪಿನಕಾಯಿಗೂ ಭರಣಿಯಲ್ಲಿ ವರ್ಷ ಕಳೆದದ್ದಕ್ಕೂ ಇರುವ ಭೇದ ಅದು.

ಗ್ಲಾಸು ಯಾಕೆ ತಿರುಗಿಸುತ್ತಾರೆ

ನೋಡುವುದು, ತಿರುಗಿಸುವುದು, ಮೂಸುವುದು, ಒಂದು ಗುಟುಕು ಬಾಯಲ್ಲಿ ಆಡಿಸುವುದು. ಇಷ್ಟೇ ಕ್ರಮ. ತಿರುಗಿಸಿದರೆ ಗಾಳಿ ಬೆರೆತು ವಾಸನೆ ಮೇಲೇಳುತ್ತದೆ. ಗ್ಲಾಸನ್ನು ಅದರ ಉದ್ದನೆಯ ಕಾಲಿನ ಹತ್ತಿರ ಹಿಡಿಯುವುದು ಕೈ ಬಿಸಿ ತಾಗದಿರಲಿ ಎಂದು. ಅದನ್ನೇ ಕೆಲಸ ಮಾಡಿಕೊಂಡವರು ನುಂಗುವುದೂ ಇಲ್ಲ, ಉಗುಳುತ್ತಾರೆ. ಗ್ಲಾಸಿನ ಒಳಗೋಡೆಯಲ್ಲಿ ಎಣ್ಣೆಯಂತೆ ಇಳಿಯುವ ಗೆರೆಗಳಿಗೆ ಲೆಗ್ಸ್ ಅನ್ನುತ್ತಾರೆ. ಅವು ಆಲ್ಕೋಹಾಲ್ ಆರುವುದರಿಂದ ಆಗುವವು, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡಬೇಕು ಅನ್ನುವ ಮಾತು ಯುರೋಪಿನ ಹಳೆಯ ಕಲ್ಲಿನ ಮನೆಗಳದ್ದು. ಅಲ್ಲಿ ರೂಮು ಅಂದರೆ 16ರಿಂದ 18 ಡಿಗ್ರಿ. ರಾಯಚೂರಿನ ಮೇ ತಿಂಗಳ ರೂಮಿಗೆ ಆ ಮಾತು ಹೊಂದುವುದಿಲ್ಲ.

ಕೆಟ್ಟದ್ದಕ್ಕೂ ಪದಗಳಿವೆ. 'ಕಾರ್ಕ್ಡ್' ಅಂದರೆ ಬಿರಡೆಯಿಂದ ಒದ್ದೆ ರಟ್ಟಿನ ವಾಸನೆ ಹತ್ತಿದ್ದು. 'ಆಕ್ಸಿಡೈಸ್ಡ್' ಅಂದರೆ ಗಾಳಿ ತಾಗಿ, ಕೊಯ್ದಿಟ್ಟ ಸೇಬಿನ ಹಾಗೆ ಕಂದಾಗಿದ್ದು. ಇನ್ನೂ ಮುಂದೆ ಹೋದರೆ ವಿನೆಗರ್.

ಲೇಬಲ್ಲಿನ ಎರಡು ಪದ

ವಿಂಟೇಜ್ ಅಂದರೆ ಹಳೆಯದು ಅಂತಲ್ಲ. ದ್ರಾಕ್ಷಿ ಕೊಯ್ದ ವರ್ಷ, ಅಷ್ಟೇ. ಎಲ್ಲ ವೈನೂ ಹಳತಾದಷ್ಟು ಚೆನ್ನಾಗುತ್ತದೆ ಅನ್ನುವುದೂ ಸುಳ್ಳು. ಹೆಚ್ಚಿನವು ಕೆಲವೇ ವರ್ಷದಲ್ಲಿ ಮುಗಿಸಬೇಕಾದವು.

ಟೆರ್‌ವಾ ಅನ್ನುವ ಫ್ರೆಂಚ್ ಪದಕ್ಕೆ ಅವರು ಪುಟಗಟ್ಟಲೆ ವಿವರಣೆ ಕೊಡುತ್ತಾರೆ. ನಮ್ಮ ರೈತರಿಗೆ ಒಂದು ಸಾಲು ಸಾಕು. ಬ್ಯಾಡಗಿ ಮೆಣಸಿನಕಾಯಿ ಬೀಜ ಎಲ್ಲಿ ಹಾಕಿದರೂ ಅದೇ ಬಣ್ಣ ಬರುವುದಿಲ್ಲ. ಮಣ್ಣು, ಗಾಳಿ, ಬಿಸಿಲು, ಇಳಿಜಾರು, ಬೆಳೆಯುವವರ ಕೈ ಎಲ್ಲ ಸೇರಿದ್ದು ಟೆರ್‌ವಾ. ವೈನ್ ಬಳ್ಳಿಗೆ ನೀರು ನಿಲ್ಲುವ ಎರೆ ಭೂಮಿಗಿಂತ ಬಸಿದು ಹೋಗುವ ಮಸಾರಿ, ಗರಸು ಒಳ್ಳೆಯದು. ಸ್ವಲ್ಪ ಕಷ್ಟಪಟ್ಟ ಬಳ್ಳಿ ಕಾಯಿ ಸಣ್ಣ ಬಿಡುತ್ತದೆ, ಸಿಪ್ಪೆ ದಪ್ಪ ಮಾಡುತ್ತದೆ.

ಮತ್ತೆ ಆ ಹಾಳೆ

ಎಲ್ಲ ಕೇಳಿದ ಮೇಲೆ ಕಾಕಾ ಒಂದು ಪೆನ್ಸಿಲ್ ತೆಗೆದುಕೊಂಡು ಹಾಳೆಯ ಹಿಂದೆ ಪ್ರಶ್ನೆ ಬರೆಯಲು ಹೇಳಿದರು. ನಾನು ಬರೆದೆ.

ಎಷ್ಟು ಬ್ರಿಕ್ಸ್ ಬಂದರೆ ಪೂರ್ತಿ ದರ, ಒಂದು ಕಡಿಮೆ ಬಂದರೆ ಎಷ್ಟು ಕಡಿತ? ಬ್ರಿಕ್ಸ್ ನೋಡುವುದು ಯಾರ ಮೀಟರಿನಲ್ಲಿ, ನಮ್ಮ ಎದುರಿಗೋ ಅವರ ಕಾರ್ಖಾನೆಯಲ್ಲೋ? ಕೊಯ್ಯುವ ದಿನ ಯಾರು ಹೇಳುವುದು? ಅವರು ನಾಲ್ಕು ದಿನ ತಡ ಮಾಡಿ ಪಿ.ಎಚ್. ಏರಿದರೆ ಹೊಣೆ ಯಾರದು? ಎಕರೆಗೆ ಇಷ್ಟೇ ಟನ್ ಬಿಡಬೇಕು ಎಂದು ಗೊನೆ ಕತ್ತರಿಸಲು ಹೇಳುತ್ತಾರೆಯೇ? ಕಸಿ ಸಸಿ, ಹಂದರದ ಖರ್ಚು ಯಾರದು? ಸರಿಯಾದ ಫಸಲು ಬರಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಏನು?

ಕೊನೆಯದನ್ನು ಕಾಕಿ ಒಳಗಿನಿಂದ ಕೂಗಿ ಹೇಳಿದರು. "ಅವ್ರು ಬ್ಯಾಡ ಅಂದ್ರ ಆ ಬೀಜದ ಹಣ್ಣು ಸಂತ್ಯಾಗ ಯಾರು ತಗೋತಾರ, ಅದನ್ನ ಮೊದಲ ಕೇಳ್ರಿ."

ಅದನ್ನು ಎಲ್ಲಕ್ಕಿಂತ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.